ಸ್ಪೀಕರಿನ ನಾಡಿ ಹಿಡಿದ ಅತ್ತೆ

ನಮ್ಮ ಸೋದರತ್ತೆಯ ಪ್ರಕಾರ ಈ ಲೋಕದಲ್ಲಿ ಕಾಯಿಲೆಯಿಲ್ಲದ ವಸ್ತು ಒಂದೂ ಇಲ್ಲ! ಮನುಷ್ಯರ ಮಾತು ಬಿಡಿ. ಮನುಷ್ಯರಿಗೆ ಕಾಯಿಲೆ ಇಲ್ಲದಿದ್ದರೆ ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಮೂವತ್ತೈದು ವರ್ಷ ನರ್ಸಮ್ಮನಾಗಿ ಅತ್ತೆಗೆ ಏನು ಕೆಲಸವಿರುತ್ತಿತ್ತು? ನಾನು ಹೇಳುತ್ತಿರುವುದು ಫ್ರಿಜ್ಜು, ಕುಕ್ಕರು, ಬಾಗಿಲು, ಮೋಟರುಗಳ ಬಗ್ಗೆ. ಫ್ರಿಜ್ಜು ಗೊರ್ರೆಂದರೆ "ಇದರ ಎದಿ ಕಟ್ಟೇದ" ಎನ್ನುತ್ತಾಳೆ. ಕುಕ್ಕರು ಸೀಟಿ ಹಾಕಲು ತಡಮಾಡಿದರೆ "ಬಿ.ಪಿ. ಇಳದದ". ನಿವೃತ್ತಿಯ ದಿನ ಎಲ್ಲರೂ ಶಾಲು, ಹಾರ ಹಾಕಿಸಿಕೊಂಡು ಮನೆಗೆ ಬರುತ್ತಾರೆ. ಈಕೆ ಹಾರದ ಜೊತೆಗೆ ತನ್ನ ಸ್ವಂತದ ಸ್ಟೆತಸ್ಕೋಪನ್ನೂ ಕೊರಳಿಗೆ ಹಾಕಿಕೊಂಡು ಬಂದವಳು. ಹಾರ ಮರುದಿನ ಬಾಡಿತು, ಸ್ಟೆತಸ್ಕೋಪು ಇನ್ನೂ ಡ್ಯೂಟಿಯಲ್ಲಿದೆ.

ಇಂಥ ಅತ್ತೆ ಹೋದ ವರ್ಷ ಅಫಜಲಪುರದ ಮನೆಗೆ ಒಂದು ಸ್ಟೀರಿಯೊ ತಂದಳು. ಒಂದು ಆಂಪ್ಲಿಫೈಯರು, ಸೊಂಟದೆತ್ತರದ ಎರಡು ಸ್ಪೀಕರು. ಅತ್ತೆಗೆ ಸಂಗೀತದ ಹುಚ್ಚೇ ಎಂದು ನೀವು ಕೇಳಬಹುದು. ಛೇ, ಎಲ್ಲಿಯ ಮಾತು! ಆಕೆ ಜೋಗುಳ ಹಾಡಿದರೆ ಮಲಗಿದ ಕೂಸುಗಳು ಎದ್ದು ಕೂರುತ್ತಿದ್ದವು. ಸ್ಟೀರಿಯೊ ತಂದದ್ದು ತನ್ನ ಗಂಡ, ಅಂದರೆ ನಮ್ಮ ಮಾಮನಿಗಾಗಿ. ಅದೂ ಹಾಡು ಕೇಳಲಿ ಎಂದಲ್ಲ, ಔಷಧಿ ಎಂದು.

ಮಾಮ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಗಿರಣಿ ಊರಿನ ಜೋಳದ ಜೊತೆಗೆ ಅವರ ಕಿವಿಯನ್ನೂ ದಿನಕ್ಕಿಷ್ಟರಂತೆ ಬೀಸಿಹಾಕಿತ್ತು. ಅವರಿಗಿದ್ದ ಒಂದೇ ಚಟ ಭಜನೆ. ಸೋಮವಾರ ಓಣಿಯ ಗುಡಿಯಲ್ಲಿ, ಅಮಾವಾಸ್ಯೆಗೆ ಘತ್ತರಗಿಯಲ್ಲಿ, ದೇವಿಯ ಮುಂದೆ. ಮಾಮ ತಾಳ ಹಾಕುವವರು. ಕಿವಿ ಮಂದವಾದಂತೆಲ್ಲ ತಮ್ಮ ತಾಳ ತಮಗೇ ಕೇಳದೆ ಅವರು ಜೋರಾಗಿ ಬಾರಿಸತೊಡಗಿದರು. ಕೊನೆಕೊನೆಗೆ ಅವರ ತಾಳವೊಂದೇ ಕೇಳುತ್ತಿತ್ತು, ಹಾಡುವ ಪದ ಯಾವುದೆಂದು ದೇವಿಗೂ ತಿಳಿಯುತ್ತಿರಲಿಲ್ಲ. ಒಂದು ಅಮಾವಾಸ್ಯೆಯ ದಿನ ಮುಂದೆ ಕುಳಿತು ಹಾಡುವ ಹಿರಿಯರು ಹಾಡುತ್ತ ಹಾಡುತ್ತಲೇ ಮಾಮನ ಕೈಗಳ ಮೇಲೆ ತಮ್ಮ ಕೈ ಇಟ್ಟರು. ಬಯ್ಯಲಿಲ್ಲ. ಮಾಮ ತಾಳವನ್ನು ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಬಂದವರು ಮತ್ತೆ ಹೋಗಲೇ ಇಲ್ಲ. ಕೇಳಿದರೆ ಮೊಣಕಾಲು ನೋವು ಎನ್ನುತ್ತಿದ್ದರು.

"ಮೊಣಕಾಲಿಗೆ ಏನೂ ಆಗಿಲ್ಲ. ನಾ ನೋಡೇನಿ," ಎಂದಳು ಅತ್ತೆ ನನಗೆ ಫೋನಿನಲ್ಲಿ. "ನಾ ಮನ್ಯಾಗ ಇಲ್ಲದಾಗ ಅಟ್ಟ ಹತ್ತಿ ಉಪ್ಪಿನಕಾಯಿ ಇಳಿಸ್ಯಾರ. ಆಗ ನೋವು ಎಲ್ಲಿ ಹೋಗಿತ್ತು?"

"ಕಿವಿಗೆ ಮಷಿನ್ ಹಾಕಿಸಬಾರದೇನ್ ಅತ್ತಿ?"

"ಎರಡು ವರ್ಷ ಆತು ಹೇಳಾಕತ್ತಿ. ನನ್ನ ಕಿವಿ ಚೊಲೊ ಅದಾವ, ಮಂದಿ ಈಗ ಬಾಯಾಗ ಬಾಯಾಗ ಮಾತಾಡ್ತಾರ ಅಂತಾರ. ರೇಡಿಯೊ ಹಚ್ಚಿದ್ರ, ಈಗಿನವ್ರು ಹಾಡಿಗಿ ತಾಳಾನ ಹಾಕಂಗಿಲ್ಲ ಅಂತಾರ. ಮೊದಲ ರೋಗ ಅದ ಅಂತ ರೋಗಿ ಒಪ್ಪಬೇಕಪ್ಪ. ಒಪ್ಪಿಸಿ, ಮಷಿನ್ ಹಾಕಿಸಿ, ಘತ್ತರಗಿಗಿ ಕಳಿಸೇ ಕಳಿಸ್ತೇನಿ. ಅದಕ್ಕ ಸ್ಟೀರಿಯೊ ತಂದೇನಿ, ನೀ ಐತಾರ ಬಂದು ಜೋಡಿಸು."

ನನ್ನನ್ನೇ ಯಾಕೆ ಕರೆದಳು? ಕಾಲೇಜಿನ ಗ್ಯಾದರಿಂಗಿನಲ್ಲಿ ಮೈಕ್ ಸೆಟ್ ನೋಡಿಕೊಂಡವನು ನಾನು. ಕಲಬುರಗಿಯಲ್ಲಿ ಈಗ ಮಾಡುವುದು ಗುಮಾಸ್ತಿಕೆಯಾದರೂ, ನಮ್ಮ ಮನೆತನದಲ್ಲಿ ವಯರಿಗೆ ಸಂಬಂಧಪಟ್ಟ ಎಲ್ಲಕ್ಕೂ ನಾನೇ ದೊಡ್ಡ ಡಾಕ್ಟರು. ಭಾನುವಾರ ಇಕ್ಕಳ, ವಯರಿಗೆ ಸುತ್ತುವ ಟೇಪು ಹಿಡಿದುಕೊಂಡು ಹೊರಟೆ.

ಹೋದರೆ ಅತ್ತೆ ಆಗಲೇ ಸೊಂಟಕ್ಕೆ ಸೆರಗು ಕಟ್ಟಿ ನಿಂತಿದ್ದಳು. ಕೈಯಲ್ಲಿ ಅಳತೆಯ ಟೇಪು. ಯಾವ ಟೇಪು ಅಂತೀರಿ? ಬಸುರಿಯರ ಹೊಟ್ಟೆ ಅಳೆಯುತ್ತಿದ್ದ ಟೇಪು! ಎಷ್ಟೋ ಹಳ್ಳಿಯ ಮಕ್ಕಳು ಹುಟ್ಟುವ ಮೊದಲೇ ಆ ಟೇಪಿಗೆ ಲೆಕ್ಕ ಕೊಟ್ಟಿವೆ. ಅದರಿಂದ ಸ್ಪೀಕರಿನಿಂದ ಸ್ಪೀಕರಿಗೆ, ಸ್ಪೀಕರಿನಿಂದ ಮಾಮನ ಕುರ್ಚಿಗೆ ಅಳೆದಳು. ಮೂರೂ ಕಡೆ ಅಷ್ಟಕ್ಕಷ್ಟೇ ಬರಬೇಕು, ಅರ್ಧ ಇಂಚು ಆಚೀಚೆ ಆದರೂ ಒಪ್ಪಳು. ಕೊನೆಗೆ ಕುರ್ಚಿಯ ಕಾಲು ಎಲ್ಲಿರಬೇಕೆಂದು ನೆಲದ ಫರ್ಸಿಕಲ್ಲಿನ ಮೇಲೆ ನಾಲ್ಕು ಗುರುತು ಹಾಕಿದಳು, ಗಾಯಕ್ಕೆ ಹಚ್ಚುವ ನೀಲಿ ಔಷಧಿಯಲ್ಲಿ. ಎಷ್ಟು ಒರೆಸಿದರೂ ಆ ಗುರುತು ಇವತ್ತಿಗೂ ಹೋಗಿಲ್ಲ.

ನಾನು ಗತ್ತಿನಿಂದ ವಯರು ಜೋಡಿಸಿ ಹಾಡು ಹಚ್ಚಿದೆ. ಸ್ಪೀಕರುಗಳು ಹಾಡಿದವು, ಆದರೆ ಏನೋ ಸರಿ ಇಲ್ಲ. ದನಿ ಪೊಳ್ಳು ಪೊಳ್ಳು. ಹಾಡುವವನು ಎದುರಿಗಿಲ್ಲದೆ ಅಡುಗೆಮನೆಯಲ್ಲಿ ಎಲ್ಲೋ ಇದ್ದಾನೆ ಅನ್ನಿಸುತ್ತಿತ್ತು. "ಕಂಪನಿಯ ಮಾಲೇ ಹಿಂಗ," ಎಂದು ನಾನು ತೀರ್ಪು ಕೊಟ್ಟೆ. ಅತ್ತೆ ಸ್ಟೆತಸ್ಕೋಪು ಕಿವಿಗೆ ಸಿಕ್ಕಿಸಿ ಎಡದ ಪೆಟ್ಟಿಗೆಯ ಎದೆ, ಬೆನ್ನು, ಪಕ್ಕೆ ನೋಡಿದಳು. ಬಲದ್ದನ್ನೂ ನೋಡಿದಳು. ಜೋರಾಗಿ ಉಸಿರು ಎಳಕೊ ಎನ್ನಲಿಲ್ಲ, ಅಷ್ಟೇ! ಆಮೇಲೆ ಎರಡರ ಬಾಯಿಗೂ ಒಂದೊಂದು ಅಂಗೈ ಹಿಡಿದು ಕಣ್ಣು ಮುಚ್ಚಿ ನಿಂತಳು.

"ಲೇ ತಮ್ಮಾ, ಇದು ಉಸಿರು ಬಿಡೂ ಮುಂದ ಅದು ಎಳಕೊಳ್ಳಾಕತ್ತದ. ಏನ್ ಮಾಡಿದಿ?"

ಬಗ್ಗಿ ನೋಡಿದರೆ ಎಡದ ಸ್ಪೀಕರಿಗೆ ಕೆಂಪು ವಯರಿನ ಜಾಗಕ್ಕೆ ಕರಿಯದನ್ನು ಸಿಕ್ಕಿಸಿದ್ದೆ. ಅದಲು ಬದಲು ಮಾಡಿದ್ದೇ ತಡ, ದನಿ ತುಂಬಿಕೊಂಡಿತು, ಹಾಡುವವನು ಅಡುಗೆಮನೆ ಬಿಟ್ಟು ನಡುಮನೆಗೆ ಬಂದು ಕುಳಿತ! ಆವತ್ತಿನಿಂದ ನಮ್ಮ ಮನೆತನದ ದೊಡ್ಡ ಡಾಕ್ಟರಿಗೆ ಕಾಂಪೌಂಡರ್ ಕೆಲಸ.

ಮುಂದಿನ ರೋಗ ನಡುಮನೆಯದು. ಕೆಳಗೆ ಶಹಾಬಾದಿ ಫರ್ಸಿ, ಸುತ್ತ ಬರಿಗೋಡೆ. ಒಂದು ಸಲ ಚಪ್ಪಾಳೆ ತಟ್ಟಿದರೆ ಮೂರು ಸಲ ಕೇಳುತ್ತದೆ. "ಮನಿ ಕೆಮ್ಮಾಕತ್ತದ," ಎಂದು ಅತ್ತೆ ಗೋಡೆಗಳಿಗೆ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಮೊಳೆ ಹೊಡೆದು ಹೊದಿಸಿದಳು. ಮೂಲೆಗೊಂದರಂತೆ ಎರಡು ತೊಗರಿ ಚೀಲ ನಿಲ್ಲಿಸಿದಳು. ಕೆಮ್ಮು ನಿಂತಿತು, ನಿಜ. ಆದರೆ ಚಳಿಗಾಲದಲ್ಲಿ ಆಳಂದದಿಂದ ಬೀಗರು ಬಂದರು. ಗೋಡೆಗೆ ಎರಡೆರಡು ಕೌದಿ, ಬೀಗರಿಗೆ ಒಂದು ತೆಳ್ಳನೆಯ ಚಾದರ! ಬೆಳಗ್ಗೆ ಎದ್ದ ಬೀಗರು ಮೂಗು ಒರೆಸಿಕೊಳ್ಳುತ್ತ, "ಗೋಡಿಗಿ ಭಾಳ ಥಂಡಿ ಹತ್ತಿತ್ತೇನ್ರಿ ಬೀಗತಿ?" ಎಂದು ಕೇಳಿದರು.

"ಈಗ ಆರಾಮ ಅದ್ರಿ," ಎಂದಳು ಅತ್ತೆ.

ತೊಗರಿ ಕೊಳ್ಳುವವರು ಬಂದಾಗಲೂ ಅಷ್ಟೇ. ಉಳಿದ ಚೀಲಗಳೆಲ್ಲ ಗಾಡಿ ಹತ್ತಿದವು. ಮೂಲೆಯ ಎರಡನ್ನು ಅವರು ಮುಟ್ಟಲು ಹೋದರೆ ಅತ್ತೆ ಅಡ್ಡ ನಿಂತಳು. "ಅವು ಬ್ಯಾಡ್ರಿ. ಅವು ಡ್ಯೂಟಿ ಮ್ಯಾಲ ಅದಾವ."

ಇನ್ನು ದನಿ ಹದ ಮಾಡುವ ಕೆಲಸ. ಬಾಸು, ಟ್ರೆಬಲ್ಲು ಎಂಬ ಎರಡು ತಿರುಗಣಿಗಳಿಗೆ ಅತ್ತೆ ಒಂದು ನೋಟ್‌ಬುಕ್ ಇಟ್ಟಳು. ಬೆಳಗ್ಗೆ ಎಷ್ಟು, ಸಂಜೆ ಎಷ್ಟು, ರೋಗಿ ಏನಂದ. "ಬೆಳಗ್ಗೆ ಟ್ರೆಬಲ್ ಎರಡು. ರೋಗಿ ನಿದ್ದೆ ಹೋದರು." "ಸಂಜೆ ಟ್ರೆಬಲ್ ನಾಲ್ಕು. ರೋಗಿ ಚಹಾ ಕೇಳಿದರು." ಮಾಮನ ಕಿವಿಗೆ ಕೇಳದೆ ಹೋಗಿರುವುದು ಸಣ್ಣ ದನಿಗಳು, ತಾಳದಂಥವು. ಅವು ಕೇಳಬೇಕಾದರೆ ಟ್ರೆಬಲ್ಲು ಏರಿಸಲೇಬೇಕು. ಏರಿಸಿದರೆ ಕಿವಿ ನೆಟ್ಟಗಿರುವವರು ಆ ಮನೆಯಲ್ಲಿ ನಿಲ್ಲುವಂತಿರಲಿಲ್ಲ. ಬಾಜು ಮನೆಯಾಕೆ ಓಡಿಬಂದಳು.

"ಅಕ್ಕಾರ, ನಿಮ್ಮ ಹಾಡು ಹಚ್ಚಿದ್ರ ನನ್ನ ಹಲ್ಲು ಜುಮ್ಮಂತಾವ್ರಿ."

"ಯಾವ ಹಲ್ಲು? ಬಾಯಿ ತಗಿ," ಎಂದು ಅತ್ತೆ ಬ್ಯಾಟರಿ ಬಿಟ್ಟು ನೋಡಿ, ಹುಳುಕು ಹಲ್ಲೊಂದನ್ನು ಹಿಡಿದೇ ಬಿಟ್ಟಳು! ಪಾಪ, ಜಗಳಕ್ಕೆ ಬಂದಾಕೆ ಕೈ ಮುಗಿದು ಹಲ್ಲಿನ ಡಾಕ್ಟರ ಹತ್ತಿರ ಹೋದಳು.

ಹೀಗೆ ಎಲ್ಲ ಹದಕ್ಕೆ ಬಂದ ಮೇಲೆ, ಒಂದು ಭಾನುವಾರ ಬೆಳಗ್ಗೆ ಪರೀಕ್ಷೆಗೆ ನನ್ನನ್ನು ಕರೆದಳು. ನನಗೋ ಪರಮ ಉತ್ಸಾಹ. ಅತ್ತೆ ಒಂದು ಪೆನ್‌ಡ್ರೈವ್ ಕೊಟ್ಟಳು. ಅದರಲ್ಲಿದ್ದದ್ದು ಮಾಮನದೇ ಭಜನಾ ಮಂಡಳಿಯ ಪದ. ಘತ್ತರಗಿಯಲ್ಲಿ ಮಾಮ ತಾಳ ಹಾಕಿದ ಕೊನೆಯ ಅಮಾವಾಸ್ಯೆಯಂದು, ಹಿರಿಯರು ಕೈ ಇಡುವುದಕ್ಕೆ ಸ್ವಲ್ಪ ಮೊದಲು, ಅತ್ತೆ ತನ್ನ ಫೋನಿನಲ್ಲಿ ಹಿಡಿದದ್ದು. ನನ್ನ ಉತ್ಸಾಹ ಅಲ್ಲಿಗೇ ಇಳಿಯಿತು.

"ಅತ್ತಿ, ಇದು ಬ್ಯಾಡ. ಮಾಮಾ ನೊಂದ್ಕೋತಾರ."

"ಗೊತ್ತದ. ಇಂಜೆಕ್ಷನ್ ಚುಚ್ಚಿದ್ರ ಯಾರಿಗಿ ನೋವಾಗಂಗಿಲ್ಲ?" ಎಂದಳು. ಹೇಳುವಾಗ ಆಕೆಯ ಮುಖ ಮಾತ್ರ ನೆಟ್ಟಗಿರಲಿಲ್ಲ.

ಮಾಮ ನೀಲಿ ಗುರುತಿನ ಮೇಲಿನ ಕುರ್ಚಿಯಲ್ಲಿ ಕೂತರು. ಮೊದಲು ಟ್ರೆಬಲ್ಲು ಏರಿಸದೆ ಹಚ್ಚಿದೆ. ಮಾಮ ತಲೆಯಾಡಿಸಿದರು. "ಪದ ಚೊಲೊ ಅದ. ಆದ್ರ ನೋಡು, ತಾಳಾನ ಇಲ್ಲ." ಅತ್ತೆ ತಿರುಗಣಿಯನ್ನು ನಿಧಾನವಾಗಿ ಏರಿಸಿದಳು. ನಾನು ಕಿವಿ ಮುಚ್ಚಿಕೊಂಡೆ. ಮಾಮ ಒಮ್ಮೆಲೇ ನೆಟ್ಟಗೆ ಕೂತರು.

"ಬಂತು," ಎಂದರು. "ತಾಳ ಬಂತು ನೋಡು."

ಅವರ ಮುಖ ಅರಳಿದ್ದನ್ನು ನೋಡಿ ನನಗೆ ಎದ್ದು ಕುಣಿಯಬೇಕೆನಿಸಿತು. ಆದರೆ ಅರ್ಧ ಪದ ಮುಗಿಯುವಷ್ಟರಲ್ಲಿ ಅವರ ಹುಬ್ಬು ಗಂಟಾದವು.

"ಯಾಂವ ಇಂವ? ಹೆಂಗ ಬಡ್ಯಾಕತ್ತಾನ. ಪದ ಕೇಳಗೊಡವಲ್ಲ. ಅವನ ಕೈ ಯಾರರೆ ಹಿಡೀಬಾರ್ದೇನು?"

ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು ಎಂಥೆಂಥ ಕೆಟ್ಟ ಸುದ್ದಿಯನ್ನೂ ಹೇಳಿದ ಅತ್ತೆ ಈಗ ಸ್ಟೆತಸ್ಕೋಪಿನ ಕೊಳವೆಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಮಾಮ ಆಕೆಯ ಮುಖ ನೋಡಿದರು. ಆಮೇಲೆ ತೊಡೆಯ ಮೇಲಿದ್ದ ತಮ್ಮ ಕೈಗಳನ್ನು ನೋಡಿಕೊಂಡರು.

"ಇಂವ ನಾ ಏನು?"

ಅತ್ತೆ ಹೌದೆಂದು ತಲೆಯಾಡಿಸಿದಳು. ಪದ ಮುಗಿಯಿತು. ಮಾಮ ಎದ್ದು ಹೋಗುತ್ತಾರೆ ಎಂದುಕೊಂಡೆ, ಹೋಗಲಿಲ್ಲ. "ಇನ್ನೊಮ್ಮೆ ಹಚ್ಚು," ಎಂದರು. ಎರಡನೆಯ ಸಲ ಪೂರ್ತಿ ಕೇಳಿದರು. "ಪಾಪ, ಆ ಹಿರ್ಯಾರು ಭಾಳ ದಿನ ತಡಕೊಂಡಾರ," ಎಂದು ಸ್ವಲ್ಪ ನಕ್ಕರು. ಆಮೇಲೆ ಕೇಳಿದರು, "ಆ ಮಷಿನ್ ಎಲ್ಲಿ ಹಾಕ್ತಾರಂತ?"

ಮುಂದಿನ ಅಮಾವಾಸ್ಯೆಗೆ ಮೂವರೂ ಘತ್ತರಗಿಗೆ ಹೋದೆವು. ಕಿವಿಯ ಹಿಂದೆ ಮಷಿನ್ ಇಟ್ಟುಕೊಂಡು ಮಾಮ ಮಂಡಳಿಯ ನಡುವೆ ಕೂತರು. ಹಿರಿಯರು ಸರಿದು ಜಾಗ ಕೊಟ್ಟರು. ಮಾಮ ತಾಳ ಹಾಕಿದರು. ಪದವೂ ಕೇಳಿತು, ತಾಳವೂ ಕೇಳಿತು. ಅತ್ತೆ ಕಂಬಕ್ಕೆ ಒರಗಿ ಕೂತವಳು ಭಜನೆ ಮುಗಿಯುವವರೆಗೆ ಕದಲಲಿಲ್ಲ.

ಮುಗಿದ ಮೇಲೆ ಮಾಮ ನಮ್ಮ ಕಡೆಗೆ ಬಂದರು. "ಭಾಳ ಚೊಲೊ ಆತ್ರೀ," ಎಂದು ಅತ್ತೆ ರೂಢಿಯಂತೆ ಕೂಗಿಯೇ ಹೇಳಿದಳು. ಗುಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಒದರಬ್ಯಾಡ," ಎಂದರು ಮಾಮ. "ನಂಗ ಕೇಳಾಕತ್ತದ."

ಅತ್ತೆಯೋ, ಎಷ್ಟೋ ವರ್ಷಗಳಿಂದ ಊಟಕ್ಕೆ ಕರೆದದ್ದು, ಗುಳಿಗೆ ನೆನಪಿಸಿದ್ದು, ಸಿಟ್ಟು ಮಾಡಿದ್ದು, ಎಲ್ಲವನ್ನೂ ಗಂಡನಿಗೆ ಕೂಗಿಯೇ ಹೇಳಿದಾಕೆ. ಮೆಲ್ಲಗೆ ಹೇಳುವ ಒಂದು ಮಾತೂ ಆ ಕ್ಷಣಕ್ಕೆ ಆಕೆಗೆ ಸಿಗಲಿಲ್ಲ. ಕೊನೆಗೆ ನನಗೂ ಸರಿಯಾಗಿ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ಹಂಗಾದ್ರ ಏನ್ ಹೇಳ್ಲಿ?" ಎಂದಳು.

ಮಾಮನಿಗೆ ಕೇಳಿತು. "ಏನರೆ ಹೇಳು," ಎಂದು ಅವರು ಆಕೆಯ ಪಕ್ಕದಲ್ಲೇ ಕೆಳಗೆ ಕೂತರು.