ಉಲ್ಲನ್ ಉಂಡೆಯೂ ಊರವರ ಸಂಶಯವೂ

ನಾನು ಉಲ್ಲನ್ ಹಿಡಿದು ಜಗಲಿಯಲ್ಲಿ ಕೂತರೆ ಸಾಕು, ಊರಲ್ಲಿ ಯಾರಿಗಾದರೂ ಒಂದು ಸಂಶಯ ಹುಟ್ಟಿಯೇ ಹುಟ್ಟುತ್ತದೆ. ತಪ್ಪು ಅವರದಲ್ಲ. ಕಿರಿಮಂಜೇಶ್ವರದ ಸೆಕೆಯಲ್ಲಿ ಮೈಮೇಲೆ ತೆಳ್ಳನೆಯ ಬೈರಾಸು ಹೊದೆಯುವುದೇ ಕಷ್ಟ, ಉಲ್ಲನ್ ಯಾರಿಗೆ ಬೇಕು? ನಮ್ಮವರು ಮಿಲಿಟರಿಯಲ್ಲಿದ್ದಾಗ ಚಳಿಯ ಊರುಗಳಲ್ಲಿ ಸ್ವೆಟರ್ ಹೆಣೆದು ಹೆಣೆದು, ಉಳಿದ ನೂಲೇ ಒಂದು ಟ್ರಂಕು ತುಂಬಿತ್ತು. ಎಸೆಯಲು ಮನಸ್ಸಿಲ್ಲ. ಅದಕ್ಕೇ ಸಣ್ಣಪುಟ್ಟ ಸಾಮಾನು ಹೆಣೆಯುತ್ತೇನೆ.

೧. ಟೊಪ್ಪಿ

ಉಪ್ಪಿನಕಾಯಿ ಭರಣಿಯ ಬಾಯಿಗೆ ಹಳದಿ ನೂಲಿನ ಮುಚ್ಚಳ ಹೆಣೆದಿದ್ದೆ. ತುದಿಯಲ್ಲೊಂದು ಕುಚ್ಚು. ಹಾಲಿಗೆ ಹೆಪ್ಪು ಕೇಳಲು ಬಂದ ಎದುರುಮನೆಯಾಕೆಯ ಕಣ್ಣು ಅದರ ಮೇಲೆ ಬಿತ್ತು.

"ಹ್ವಾಯ್, ಈ ಸಣ್ಣ ಟೊಪ್ಪಿ ಯಾರಿಗೆ?"

"ಟೊಪ್ಪಿ ಅಲ್ಲ, ಭರಣಿಗೆ ಮುಚ್ಚೂದ್."

"ಭರಣಿಗೆ ಕುಚ್ಚ್ ಎಂತಕೆ?"

ಚಂದಕ್ಕೆ ಇಟ್ಟಿದ್ದೆ ಎಂದರೆ ನಂಬುವ ಮುಖವಲ್ಲ ಅದು. ಹೆಪ್ಪು ಮರೆತು ಹೊರಟೇಬಿಟ್ಟರು. ಹೋದವರೇ ಬ್ರಹ್ಮಾವರದ ತಂಗಿಗೆ ಫೋನ್ ಮಾಡಿದರಂತೆ. ಆ ತಂಗಿಯ ಮೈದುನನ ಹೋಟೆಲಿರುವುದು ಮುಂಬೈಯಲ್ಲಿ. ಇನ್ನೂ ಮದುವೆಯಾಗದ ನನ್ನ ಮಗ ಕೆಲಸಕ್ಕಿರುವುದೂ ಅದೇ ಹೋಟೆಲಿನಲ್ಲಿ.

ದೀಪ ಹಚ್ಚುವ ಹೊತ್ತಿಗೆ ಮಗನ ಫೋನ್ ಬಂತು.

"ಅಮ್ಮ, ನಂಗೆ ಮಗು ಆಯ್ತಂಬ್ರ್. ಮದಿ ಯಾವಾಗ ಆದ್ದ್?"

೨. ಸಿಂಬಿ

ನಾವುಂದದ ಕಡೆಯಿಂದ ಮೀನು ತರುವ ಹೆಂಗಸಿಗೆ, ಬುಟ್ಟಿಯಡಿ ತಲೆಗಿಡಲೆಂದು ತುಂಡು ನೂಲನ್ನೆಲ್ಲ ಸೇರಿಸಿ ದಪ್ಪದೊಂದು ಸಿಂಬಿ ಹೆಣೆದುಕೊಟ್ಟೆ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಎಂತಕೆ ಕೊಡ್ತ್ರಿ ಅಮ್ಮ? ನಾಳೆ ಬಂಗ್ಡಿ ಮೀನ್ ಹೆಚ್ಚ್ ಹಾಕ್ ಅಂಬುಕಾ?"

"ಇಲ್ಲ, ಸುಮ್ನೆ."

'ಸುಮ್ನೆ' ಎಂಬ ಮಾತೇ ಅವಳಿಗೆ ಹಿಡಿಸಲಿಲ್ಲ. ಆದರೂ ಒಯ್ದಳು. ಎರಡೇ ದಿನಕ್ಕೆ ವಾಪಸು ತಂದಿಟ್ಟಳು.

"ಯಾಕೆ, ಚುಚ್ತಾ?"

"ಚುಚ್ಚೂದಲ್ಲ ಅಮ್ಮ. ತಲಿ ನೋಯೂದೇ ಇಲ್ಲ. ಬುಟ್ಟಿ ಹಗೂರ ಆದಾಂಗೆ ಕಾಣ್ತ್. ಹಿಂದಿಂದ ಯಾರೋ ಮೀನ್ ತೆಗಿತ್ರ್ ಅಂದೇಳಿ, ಇಲ್ಲಿಗೆ ಬಪ್ಪ ಹೊತ್ತಿಗೆ ಮೂರ್ ಸಲ ಇಳ್ಸಿ ಎಣ್ಸಿದೆ!"

೩. ಬೊಂಬೆ

ಬಲಮಗ್ಗುಲಿನ ಮನೆಯ ಯಜಮಾನರ ತೆಂಗಿನ ಮರ ನಮ್ಮ ಹೆಂಚಿನ ಮೇಲೆ ವಾಲಿತ್ತು. ಗಾಳಿ ಬೀಸಿದರೆ ನಮಗೆ ಜೀವದಲ್ಲಿ ಜೀವವಿಲ್ಲ. ತಂತಿ ಹಾಕಿ ಎಳೆದು ಕಟ್ಟಿಸಿ ಎಂದು ಎರಡು ವರ್ಷ ಹೇಳಿ ಸಾಕಾಗಿತ್ತು. "ಮರ ನಿಮ್ಗಿಂತ ಗಟ್ಟಿ ಇತ್ತ್" ಎನ್ನುವುದೊಂದೇ ಅವರ ಉತ್ತರ. ಜಗಲಿಗೇ ಬಂದು ಜಗಳವಾಡಿಯೂ ಹೋಗಿದ್ದರು.

ಅದಾಗಿ ಒಂದು ವಾರಕ್ಕೆ ಅವರೇ ಆಳು ಕರೆಸಿ ಮರಕ್ಕೆ ತಂತಿ ಬಿಗಿಸಿದರು. ಸಾಲದ್ದಕ್ಕೆ ಬಾಳೆಗೊನೆಯೊಂದನ್ನು ತಂದು ಜಗಲಿಯಲ್ಲಿಟ್ಟರು. ಈ ಸಲ ಸಂಶಯ ಬಂದದ್ದು ನಮಗೆ. "ಮುಟ್ಬೇಡ, ಇದ್ರೊಳ್ಗೆ ಎಂತದೋ ಇತ್ತ್" ಎಂದು ನಮ್ಮವರು ಪಿಸುಗುಟ್ಟಿದರು.

ಯಜಮಾನರು ಹೋಗಲೊಲ್ಲರು. ಕುಂಟುತ್ತಾ ಹತ್ತಿರ ಬಂದರು.

"ಅಕ್ಕ, ಮರ ಕಟ್ಸಿದೆ ಅಲ್ದಾ? ಇನ್ನ್ ಆ ಸೂಜಿ ತೆಗ್ದ್ ಬಿಡಿ."

"ಯಾವ ಸೂಜಿ?"

ಅವರು ಬೆರಳು ಮಾಡಿ ಕಿಟಕಿ ತೋರಿಸಿದರು. ಕಪ್ಪು ನೂಲು, ಕೆಂಪು ನೂಲು ಮುಗಿಯಲಿ ಎಂದು ನಾನೊಂದು ಅಂಗೈಯಗಲದ ಬೊಂಬೆ ಹೆಣೆದು, ಹತ್ತಿ ತುಂಬಿ, ಹೊಲಿಗೆಯ ಸೂಜಿಗಳನ್ನೆಲ್ಲ ಕಳೆಯದಂತೆ ಅದಕ್ಕೆ ಚುಚ್ಚಿ ಅಲ್ಲಿಟ್ಟಿದ್ದೆ. ಒಂದು ದಬ್ಬಳ ಸರಿಯಾಗಿ ಬೊಂಬೆಯ ಮೊಣಕಾಲಿನಲ್ಲಿತ್ತು! ಜಗಳಕ್ಕೆ ಬಂದ ದಿನ ಅದನ್ನು ಕಂಡದ್ದೇ ತಡ, ಅಂದಿನಿಂದ ಅವರಿಗೆ ಮೊಣಕಾಲು ನೋವು.

ನಗು ನುಂಗಿಕೊಂಡು ದಬ್ಬಳ ಎಳೆದೆ. ಅವರು ಕಾಲು ಮಡಚಿ, ಬಿಡಿಸಿ ನೋಡಿ, "ನೋವ್ ಹೋಯ್ತ್!" ಎಂದು ನೆಟ್ಟಗೆ ನಡೆದೇಬಿಟ್ಟರು. "ಅದ್ ಮಾಟ ಅಲ್ಲ ಮಾರಾಯ್ರೆ" ಎಂದು ನಾನು ಕೂಗಿದ್ದನ್ನು ಕೇಳುವವರೇ ಇಲ್ಲ.

ಮರುದಿನ ಬೆಳಿಗ್ಗೆ ಅವರ ಹೆಂಡತಿ ಬಂದರು. ಬೈಯಲಿಕ್ಕೇ ಬಂದದ್ದು ಎಂದು ಬೊಂಬೆಯನ್ನು ಸೆರಗಿನಡಿ ಮುಚ್ಚಿದೆ. ಆಕೆ ಆಚೀಚೆ ನೋಡಿ, ಪಕ್ಕದಲ್ಲಿ ಕೂತು, ಮೆಲ್ಲಗೆ ಕೇಳಿದರು:

"ಅಕ್ಕ, ಇವ್ರ್ ರಾತ್ರಿ ಗೊರ್ಕಿ ನಿಲ್ಕಾರೆ ಸೂಜಿ ಎಲ್ಲಿ ಚುಚ್ಕ್?"