ನಮೂನೆ ಏಳರಲ್ಲಿ ಮುದ್ರೆಯಕ್ಕ

ಮನುಷ್ಯನ ಮೂತ್ರಕೋಶವನ್ನು ಭಗವಂತನು ಅಳತೆ ಮಾಡಿಯೇ ಸೃಷ್ಟಿಸಿದ್ದಾನೆ. ಆದರೆ ಆ ಅಳತೆಗೆ ಇಲಾಖೆಯ ಮುದ್ರೆ ಬಿದ್ದಿಲ್ಲ. ಇದನ್ನು ಭಗವಂತನ ಲೋಪವೆಂದು ಯಾರೂ ಹೇಳಿಲ್ಲ. ಸೃಷ್ಟಿಯ ಕಾಲಕ್ಕೆ ಇಲಾಖೆ ಇನ್ನೂ ಸ್ಥಾಪನೆಯಾಗಿರಲಿಲ್ಲ ಎಂಬುದನ್ನು ಕಡತದಲ್ಲಿಯೇ ಒಪ್ಪಿಕೊಳ್ಳಲಾಗಿದೆ.

ತೂಕ ಮತ್ತು ಅಳತೆ ಕಚೇರಿಯ ಮುಂಭಾಗದ ಕಿಟಕಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿದ್ದ ಗುಮಾಸ್ತೆಯನ್ನು ಊರೆಲ್ಲ ಮುದ್ರೆಯಕ್ಕ ಎಂದು ಕರೆಯುತ್ತಿತ್ತು. ಹಾಲಿನವರ ಲೀಟರು, ಎಣ್ಣೆಯವರ ಅರ್ಧ ಲೀಟರು, ಬಟ್ಟೆಯಂಗಡಿಯವರ ಮೀಟರು ಕೋಲು, ತರಕಾರಿಯವರ ಕಬ್ಬಿಣದ ಬಟ್ಟುಗಳು, ಎಲ್ಲವೂ ಅವಳ ಕೈಯಡಿ ಬಂದು, ಪರೀಕ್ಷೆಯಾಗಿ, ಮುದ್ರೆ ಹೊಡೆಸಿಕೊಂಡು ಹೋಗಬೇಕು. ಸುತ್ತಿಗೆ ಎತ್ತುವ ಮೊದಲು ಅವಳು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಒಂದು ತೊಟ್ಟು ಹಾಲಿನ ಅನ್ಯಾಯವೂ ತನ್ನ ಕೈಯಿಂದ ಆಗದಿರಲಿ ಎಂಬ ಪ್ರಾರ್ಥನೆ ಅದು.

ನಲವತ್ತೇಳರ ವಯಸ್ಸಿನಲ್ಲಿ ಅವಳಿಗೆ ಮೂತ್ರಕೋಶದ ತೊಂದರೆ ಶುರುವಾಯಿತು. ನಲವತ್ತು ನಿಮಿಷಕ್ಕೊಮ್ಮೆ ಏಳಲೇಬೇಕು. ಶೌಚಾಲಯವಿದ್ದದ್ದು ಕಟ್ಟಡದ ಹಿಂಭಾಗದಲ್ಲಿ, ಉಗ್ರಾಣ ದಾಟಿ, ಅರವತ್ತೆರಡು ಹೆಜ್ಜೆ ದೂರ. ಇಡೀ ಕಚೇರಿಗೆ ಅದೊಂದೇ. ಹೋಗಿ ಬರುವಷ್ಟರಲ್ಲಿ ಕಿಟಕಿಯ ಹೊರಗೆ ಹಾಲಿನವರು ಕ್ಯಾನು ಬಡಿಯುತ್ತಿದ್ದರು. "ಅಕ್ಕಾ, ಹಾಲು ಮೊಸರಾಗ್ತಾ ಇದೆ!" ಅದಕ್ಕೇ ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಬಿಟ್ಟದ್ದಕ್ಕೆ ಎರಡು ಸಲ ಸೋಂಕಾಗಿ ಚಳಿಜ್ವರ ಬಂತು.

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ಹೇಳಿದರು: "ನೀರು ಕುಡೀಬೇಕು, ಬಂದಾಗ ಹೋಗಬೇಕು. ಇಷ್ಟೇ ಔಷಧಿ. ಮೂರನೇ ಸಲ ಜ್ವರ ಬಂದ್ರೆ ಕಿಡ್ನಿಗೆ ಹತ್ತುತ್ತೆ. ಆಮೇಲೆ ನನ್ನ ಕೇಳ್ಬೇಡಿ."

ಮನೆಯಲ್ಲಿ, ದರ್ಜಿಯಾಗಿದ್ದ ಗಂಡ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದ. "ಮೇಜನ್ನೇ ಹಿಂದಕ್ಕೆ ಹಾಕಿಸ್ಕೋ. ಟಾಯ್ಲೆಟ್ ಪಕ್ಕ ಜಾಗ ಇಲ್ವಾ?"

"ಇದೆ. ಒಂದು ಮುರುಕಲು ತಕ್ಕಡಿ ನಿಂತಿದೆ."

"ಅದನ್ನ ಸರಿಸಿದ್ರಾಯ್ತು. ಇಬ್ರು ಆಳಿನ ಕೆಲಸ."

ಪಾಪ, ಅವನು ಸರ್ಕಾರಿ ನೌಕರನಾಗಿರಲಿಲ್ಲ.

ಮುದ್ರೆಯಕ್ಕ ಅರ್ಜಿ ಬರೆದು ಹೆಡ್ ಗುಮಾಸ್ತರ ಮುಂದಿಟ್ಟಳು. ಅವರು ಸಜ್ಜನರು, ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು ಓದಿದರು. "ಅಕ್ಕಾ, ನಿಮ್ಮ ಕಷ್ಟ ನನಗೆ ಅರ್ಥವಾಯ್ತು. ಆದ್ರೆ ಫೈಲಿಗೂ ಅರ್ಥವಾಗ್ಬೇಕಲ್ಲ? ನೌಕರರ ಕಾಯಿಲೆಗೆ ನಮ್ಮಲ್ಲಿ ನಮೂನೆ ಇಲ್ಲ."

"ಮತ್ತೆ ಏನಿದೆ?"

"ನಮೂನೆ ಏಳಿದೆ. ದ್ರವ ಹಿಡಿಯುವ ಪಾತ್ರೆಗಳ ದೋಷ ಪರಿಶೀಲನೆ." ಅವರು ಡ್ರಾಯರಿನಿಂದ ಹಾಳೆ ತೆಗೆದರು. "ಹೆಚ್ಚೂಕಮ್ಮಿ ನಿಮಗೆ ಹೊಂದುತ್ತೆ."

ಹತ್ತೊಂಬತ್ತು ವರ್ಷ ಬೇರೆಯವರ ಪಾತ್ರೆಗೆ ತುಂಬಿದ್ದ ನಮೂನೆಯನ್ನು ಅವಳು ತನಗಾಗಿ ತುಂಬಿಸಲು ಕುಳಿತಳು.

"ಪಾತ್ರೆಯ ಲೋಹ?" ಹೆಡ್ ಗುಮಾಸ್ತರು ಪೆನ್ನು ಹಿಡಿದು ಕೇಳಿದರು.

"ಇತರೆ ಅಂತ ಬರೀರಿ."

"ಘೋಷಿತ ಪ್ರಮಾಣ?"

"ಯಾರು ಘೋಷಿಸಿದ್ದಾರೆ ಸರ್?"

"ಘೋಷಣೆಯಿಲ್ಲ," ಎಂದು ಅವರು ಬರೆದುಕೊಂಡರು. "ತಯಾರಕರು?"

ಈ ಪ್ರಶ್ನೆಗೆ ಮಾತ್ರ ಮುದ್ರೆಯಕ್ಕ ತಡವರಿಸಲಿಲ್ಲ. "ಭಗವಂತ."

"ಪರವಾನಗಿ ಸಂಖ್ಯೆ?"

"ಅವನ ಹತ್ರ ಇರಲಿಕ್ಕಿಲ್ಲ ಸರ್."

ಹೆಡ್ ಗುಮಾಸ್ತರು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದರು. ಪರವಾನಗಿಯಿಲ್ಲದೆ ಪಾತ್ರೆ ತಯಾರಿಸಿದವರಿಗೆ ನೋಟಿಸು ಕೊಡದೆ ಮುಂದುವರಿಯುವಂತಿರಲಿಲ್ಲ. ವಿಳಾಸ ಎಲ್ಲೆಲ್ಲಿಯೂ ಇದ್ದದ್ದರಿಂದ ಯಾವುದೋ ಒಂದಕ್ಕೆ ಕಳಿಸುವುದು ಪಕ್ಷಪಾತವಾಗುತ್ತಿತ್ತು. ನೋಟಿಸನ್ನು ಸೂಚನಾ ಫಲಕಕ್ಕೆ ಅಂಟಿಸಲಾಯಿತು. ಮೂವತ್ತು ದಿನ ಕಾದರು. ಆಕ್ಷೇಪಣೆ ಬರಲಿಲ್ಲ. ಆ ಮೂವತ್ತು ದಿನವೂ ಬೆಳಗಾಗುತ್ತಿತ್ತು, ಮುದ್ರೆಯಕ್ಕನ ಉಸಿರು ಆಡುತ್ತಿತ್ತು. ದೊಡ್ಡವರು ಉತ್ತರ ಕೊಡುವ ರೀತಿಯೇ ಬೇರೆ.

ನಂತರ ಸ್ಥಳ ಪರಿಶೀಲನಾ ಸಮಿತಿ ಬಂತು. ಸಾಹೇಬರು, ಹೆಡ್ ಗುಮಾಸ್ತರು, ಉಗ್ರಾಣದವನು. ಅರವತ್ತೆರಡು ಹೆಜ್ಜೆ ಎಂಬ ಮಾತನ್ನು ಅಳತೆಯ ಇಲಾಖೆಗೆ ನಂಬಲಾಗುತ್ತದೆಯೇ? ಗಾಜಿನ ಪೆಟ್ಟಿಗೆಯಿಂದ ಇಲಾಖೆಯ ಮೂಲ ಮೀಟರು ಕೋಲನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಬಿಸಿಲೇರಿದರೆ ಲೋಹ ಹಿಗ್ಗುತ್ತದೆಂದು ಬೆಳಿಗ್ಗೆಯೇ ಆರಂಭಿಸಿದರು. ಮುದ್ರೆಯಕ್ಕ ಮೇಜಿನಿಂದ ಹೊರಟು ಕೋಲಿನ ಜೊತೆ ಜೊತೆಗೆ ನಡೆಯಬೇಕು. ಮೂವತ್ತೊಂದನೆಯ ಮೀಟರಿಗೆ ಬರುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ, ಓಡಿದಳು.

ಅವಳು ತಿರುಗಿ ಬಂದಾಗ ಮೂವರೂ ಕೋಲು ಹಿಡಿದುಕೊಂಡೇ ನಿಂತಿದ್ದರು.

"ಮೊದಲಿಂದ ಅಳೀಬೇಕು," ಎಂದರು ಸಾಹೇಬರು, ಬೇಸರವಿಲ್ಲದೆ. "ಅಳತೆ ಮಾಡೋವಾಗ ವಸ್ತು ಅಲುಗಬಾರದು."

"ಆದ್ರೆ ಸರ್, ಇದೇ ನನ್ನ ಕಾಯಿಲೆ."

"ಅದನ್ನ ಷರಾದಲ್ಲಿ ಬರೀತೀವಮ್ಮ."

ನಾಲ್ಕನೆಯ ಸಲ ಅಳತೆ ಕೂಡಿತು. ನಲವತ್ತೊಂದು ಮೀಟರು, ಮೂವತ್ತು ಸೆಂಟಿಮೀಟರು. ಹನ್ನೊಂದನೆಯ ವಾರ ಆದೇಶ ಬಂತು. ಅದರ ಪೂರ್ಣಪಾಠ ಹೀಗಿದೆ:

"ಸದರಿ ನೌಕರರ ಮನವಿಯನ್ನು ಅತ್ಯಂತ ಸಹಾನುಭೂತಿಯಿಂದ ಪರಿಶೀಲಿಸಲಾಗಿದೆ. ಅವರ ಮೇಜನ್ನು ಶೌಚಾಲಯದ ಬಾಗಿಲಿನಿಂದ ಒಂದು ಮೀಟರು ಅಂತರದಲ್ಲಿ ಇರಿಸತಕ್ಕದ್ದು. ಸೌಲಭ್ಯವು ಸದರಿಯವರಿಗೆ ಮಂಜೂರಾಗಿರುವುದರಿಂದ ಶೌಚಾಲಯವನ್ನು ಅವರ ಹೆಸರಿನ ದಾಸ್ತಾನಿಗೆ ಸೇರಿಸತಕ್ಕದ್ದು. ಇತರ ನೌಕರರು ಅದನ್ನು ಬಳಸಬೇಕಾದಲ್ಲಿ ಪ್ರತಿ ಬಾರಿಯೂ ಚೀಟಿ ಬರೆದು ಸದರಿಯವರ ಮುದ್ರೆ ಪಡೆಯತಕ್ಕದ್ದು. ಮುದ್ರೆಯಿಲ್ಲದ ಬಳಕೆಯನ್ನು, ಅದು ಯಾರದೇ ಆಗಿರಲಿ, ಮುದ್ರೆಯಿಲ್ಲದ ತೂಕದ ಬಳಕೆಯೆಂದೇ ಪರಿಗಣಿಸಿ ಕ್ರಮ ಜರುಗಿಸಲಾಗುವುದು."

ಆ ದಿನ ಮುದ್ರೆಯಕ್ಕ ಒಂದು ಬಾಟಲಿ ನೀರನ್ನು ಗಟಗಟ ಕುಡಿದಳು. ಎಷ್ಟು ತಿಂಗಳಾಗಿತ್ತು! ನೀರಿಗೂ ರುಚಿಯಿಟ್ಟವನನ್ನು ನೆನೆದು ಅವಳ ಕಣ್ಣು ತುಂಬಿ ಬಂತು. ಕೈ ಚಾಚಿದರೆ ಬಾಗಿಲು. ಇನ್ನೇನು ಬೇಕು?

ಅರ್ಧ ಗಂಟೆಯಲ್ಲಿ ಸರದಿ ಶುರುವಾಯಿತು. ಕಚೇರಿಯಲ್ಲಿ ಅವಳೂ ಸೇರಿ ಇಪ್ಪತ್ಮೂರು ಜನ. ಮೊದಲೆಲ್ಲ ಅವರು ದಿನಕ್ಕೆ ಎರಡು ಸಲ ಎದ್ದರೆ ಹೆಚ್ಚು. ಚೀಟಿ ಬೇಕೆಂದ ಮೇಲೆ, ಸರದಿಗೆ ಒಂದು ಗಂಟೆ ಹಿಡಿಯುತ್ತದೆಂದು ಎಲ್ಲರೂ ಮುಂಜಾಗ್ರತೆಯಾಗಿ, ಬರುವ ಮೊದಲೇ ಬಂದು ನಿಲ್ಲತೊಡಗಿದರು. ಬಲಗಡೆ ಚೀಟಿಯವರು, ಎಡಗಡೆ ಕ್ಯಾನು ಹಿಡಿದ ಹಾಲಿನವರು. ಮುದ್ರೆ ಎಲ್ಲಿಯೋ ಜನ ಅಲ್ಲಿಗೇ.

ನಲವತ್ತು ನಿಮಿಷ ಕಳೆಯಿತು. ಬಾಟಲಿಯ ನೀರು ತನ್ನ ಕೆಲಸ ಮಾಡಿತ್ತು. ಮುದ್ರೆಯಕ್ಕ ತಾನೂ ಒಂದು ಚೀಟಿ ಬರೆದು ಮುದ್ರೆ ಎತ್ತಿದಳು.

"ಅಯ್ಯೋ, ಏನು ಮಾಡ್ತಿದೀರಿ ಅಕ್ಕಾ!" ಸರದಿಯಲ್ಲಿದ್ದ ಉಗ್ರಾಣದವನು ಅವಳ ಕೈ ಹಿಡಿದೇಬಿಟ್ಟ. "ತನ್ನ ಅಳತೆಗೆ ತಾನೇ ಮುದ್ರೆ ಹಾಕಬಾರದು ಅಂತ ಎಷ್ಟು ವ್ಯಾಪಾರಿಗಳಿಗೆ ಬುದ್ಧಿ ಹೇಳಿದೀರಿ ನೀವು? ಇಲಾಖೆಯ ಮೊದಲನೇ ನಿಯಮ!"

ನಿಜ. ಅವಳು ಹೊಸಬರಿಗೆ ಕಲಿಸುತ್ತಿದ್ದ ಮೊದಲ ಪಾಠವೇ ಅದು. ಮುದ್ರೆಯಕ್ಕನಿಗೆ ನಾಚಿಕೆಯಾಯಿತು, ಸುತ್ತಿಗೆ ಕೆಳಗಿಟ್ಟಳು.

"ಮತ್ತೆ ನನ್ನ ಚೀಟಿಗೆ ಯಾರು ಹಾಕಬೇಕು?"

"ಸಂಚಾರಿ ಇನ್ಸ್‌ಪೆಕ್ಟರು," ಎಂದರು ಅವನ ಹಿಂದೆ ನಿಂತಿದ್ದ ಹೆಡ್ ಗುಮಾಸ್ತರು. "ತಿಂಗಳ ಮೊದಲನೇ ಗುರುವಾರ ಬರ್ತಾರಲ್ಲ."

"ಇವತ್ತು ಮೂರನೇ ತಾರೀಕು, ಶುಕ್ರವಾರ!"

"ಹೌದಲ್ಲ, ನಿನ್ನೆ ತಾನೇ ಬಂದು ಹೋದ್ರು. ಒಂದೇ ದಿನದಲ್ಲಿ ತಪ್ಪಿತು ನೋಡಿ." ಹೆಡ್ ಗುಮಾಸ್ತರು ನಿಜವಾಗಿಯೂ ಮರುಗಿದರು. ಮರುಗಿ ತಮ್ಮ ಚೀಟಿ ಮುಂದಿಟ್ಟರು. "ನನ್ನದೊಂದು ಸ್ವಲ್ಪ ಬೇಗ ಹಾಕಿಬಿಡಿ ಅಕ್ಕಾ. ಅವಸರ."

ಮರುದಿನದಿಂದ ಬಾಟಲಿ ಮನೆಯಲ್ಲೇ ಉಳಿಯಿತು; ಸಂಜೆ ಮನೆ ಸೇರುವವರೆಗೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಎರಡನೆಯ ವಾರ ಸಾಹೇಬರೇ ಸರದಿಯ ತುದಿಗೆ ಬಂದು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು. ಮುದ್ರೆಯಕ್ಕ ಸುತ್ತಿಗೆ ಎತ್ತಿ, ಹೊಡೆಯದೆ ಕೇಳಿದಳು: "ಸರ್, ನನ್ನ ವಿಚಾರ?"

"ನಾಳೆ ಮೇಲಿನವರಿಗೆ ಬರೀತೀನಮ್ಮ."

"ಇವತ್ತೇ ಬರೀಬಹುದಲ್ಲ ಸರ್?"

"ಮೊದಲು ಮುದ್ರೆ ಹಾಕಮ್ಮ ತಾಯಿ!" ಸಾಹೇಬರ ದನಿ ಒಡೆಯಿತು.

ಮುದ್ರೆಯನ್ನು ತಡೆಹಿಡಿದಿದ್ದರೆ ಅವರು ಆಗಲೇ ಬರೆದುಕೊಡುತ್ತಿದ್ದರೇನೋ. ಆದರೆ ಆ ನೋವು ಏನೆಂದು ಕಚೇರಿಯಲ್ಲಿ ಬಲ್ಲವಳು ಅವಳೊಬ್ಬಳೇ. ಅದನ್ನು ಇನ್ನೊಬ್ಬರ ಮೇಲೆ ಹಾಕಲು ಮನಸ್ಸು ಬರಲಿಲ್ಲ. ಮುದ್ರೆ ಒತ್ತಿದಳು.

ನಾಲ್ಕನೆಯ ವಾರ ಮೂರನೆಯ ಜ್ವರ ಬಂತು. ಗಂಡ ಅವಳನ್ನು ಶಾಲಿನಲ್ಲಿ ಸುತ್ತಿ ಆಸ್ಪತ್ರೆಗೆ ಸೇರಿಸಿದ. ಎರಡು ದಿನ ಅವಳಿಗೆ ಎಚ್ಚರವಿರಲಿಲ್ಲ. ಅವನು ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡು ಬಂದಿದ್ದನ್ನೇ ಮರೆತು ಮಂಚದ ಪಕ್ಕ ಕೂತಿದ್ದ. ಮೂರನೆಯ ದಿನ ಡಾಕ್ಟರಮ್ಮ ವರದಿ ನೋಡಿ, "ಕಿಡ್ನಿ ಉಳೀತು. ಕೂದಲೆಳೆಯಲ್ಲಿ," ಎಂದರು. ಮಂಚದಿಂದ ನಾಲ್ಕು ಹೆಜ್ಜೆಗೆ ಬಾಗಿಲು. ಮುದ್ರೆಯಕ್ಕ ಎದ್ದು, ಅಲ್ಲಿಯೇ ನಿಂತು, ನರ್ಸನ್ನು ಕೇಳಿದಳು: "ಚೀಟಿ ಯಾರಿಗೆ ಕೊಡಬೇಕು ತಂಗಿ?"

"ಯಾವ ಚೀಟಿ? ಹೋಗಿ ಬನ್ನಿ ಅಮ್ಮಾ."

ಹೋಗಿ ಬಂದು ಅವಳು ಬಹಳ ಹೊತ್ತು ಕೈಮುಗಿದು ಕೂತಿದ್ದಳು.

ಇತ್ತ ಕಚೇರಿಯಲ್ಲಿ ಕಷ್ಟವಾಯಿತು. ಮುದ್ರೆ ಹಾಕುವವಳಿಲ್ಲ, ಮುದ್ರೆಯಿಲ್ಲದೆ ಶೌಚಾಲಯದ ಬೀಗ ತೆಗೆಯುವಂತಿಲ್ಲ. ಮೊದಲ ದಿನ ಹನ್ನೊಂದು ಗಂಟೆಗೆ ಎದುರಿನ ಹಿಟ್ಟಿನ ಗಿರಣಿಯ ತಕ್ಕಡಿಯ ಮೇಲೆ ಉಗ್ರಾಣದವನಿಗೆ ಇದ್ದಕ್ಕಿದ್ದಂತೆ ಅನುಮಾನ ಹುಟ್ಟಿತು. ಗಿರಣಿಯ ಹಿಂದೆ ಒಂದು ಶೌಚಾಲಯವಿದ್ದದ್ದು ಆಕಸ್ಮಿಕ. ಅವನು ತಪಾಸಣೆಗೆ ಹೋಗಿ ಹಗುರಾಗಿ ಬಂದ. ಹನ್ನೆರಡಕ್ಕೆ ಹೆಡ್ ಗುಮಾಸ್ತರಿಗೂ ಅದೇ ಅನುಮಾನ. ಮೂರಕ್ಕೆ ಸಾಹೇಬರು ಸ್ವತಃ ಹೊರಟರು. ಕರ್ತವ್ಯಪ್ರಜ್ಞೆ ಹೀಗೆ ಒಬ್ಬರಿಂದೊಬ್ಬರಿಗೆ ಹತ್ತಿಕೊಳ್ಳುವುದನ್ನು ಆ ಕಚೇರಿ ಹಿಂದೆ ಕಂಡಿರಲಿಲ್ಲ.

ಒಂಬತ್ತು ದಿನ ಕಳೆದು ಮುದ್ರೆಯಕ್ಕ ಕೆಲಸಕ್ಕೆ ಬಂದಾಗ ಮೇಜು ಮತ್ತೆ ಮುಂಭಾಗದ ಕಿಟಕಿಯಲ್ಲಿತ್ತು. ಮೇಲೆ ಒಂದು ಹೊಸ ಆದೇಶ.

"ಬಳಕೆ ಪುಸ್ತಕವನ್ನು ಪರಿಶೀಲಿಸಲಾಗಿ, ಸದರಿ ನೌಕರರು ತಮಗೆ ಮಂಜೂರಾದ ಸೌಲಭ್ಯವನ್ನು ಒಮ್ಮೆಯೂ ಬಳಸಿರುವುದಿಲ್ಲ. ಆದ್ದರಿಂದ ಪಾತ್ರೆಯಲ್ಲಿ ದೋಷವಿಲ್ಲವೆಂದೂ, ಸೌಲಭ್ಯ ಮಂಜೂರಾದ ಕೂಡಲೇ ಕಾಯಿಲೆ ವಾಸಿಯಾಗಿದೆಯೆಂದೂ ತೀರ್ಮಾನಿಸಲಾಗಿದೆ. ಕಳೆದ ಒಂಬತ್ತು ದಿನಗಳಲ್ಲಿ ಬೇರಾವ ನೌಕರರೂ ಶೌಚಾಲಯವನ್ನು ಬಳಸಿಲ್ಲವಾದ ಕಾರಣ, ಇಲಾಖೆಗೆ ಅದರ ಅಗತ್ಯವಿಲ್ಲವೆಂದು ಕಂಡುಬಂದು ಶಾಶ್ವತವಾಗಿ ಮುಚ್ಚಲಾಗಿದೆ. ತಯಾರಕರ ಮೇಲಿನ ನೋಟಿಸನ್ನು ಹಿಂಪಡೆಯಲಾಗಿದೆ."

ಕೊನೆಯ ಸಾಲು ಓದಿ ಅವಳ ಮನಸ್ಸಿನಿಂದ ಒಂದು ಭಾರ ಇಳಿಯಿತು. ಮಿಕ್ಕ ಭಾರ ಹಾಗೆಯೇ ಇತ್ತು. ಡಾಕ್ಟರಮ್ಮನ ಆಣತಿಯಂತೆ ಬೆಳಿಗ್ಗೆಯಿಂದ ಎರಡು ಲೋಟ ನೀರು ಕುಡಿದಿದ್ದಳು. ಹತ್ತೂ ನಲವತ್ತಾಯಿತು. ಕಿಟಕಿಯ ಕಂಬಿ ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನೊಂದು ಸಲ ಜ್ವರ ಬಂದರೆ ಕೂದಲೆಳೆಯೂ ಇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ರಾಜೀನಾಮೆ ಪತ್ರದ ಮೊದಲ ಸಾಲನ್ನು ಮನಸ್ಸಿನಲ್ಲೇ ಬರೆಯುತ್ತಿದ್ದಳು.

ಆಗ ಹಿಂದಿನಿಂದ ಕುರ್ಚಿಗಳು ಒಟ್ಟಿಗೆ ಸರಿದ ಸದ್ದಾಯಿತು. ಹೆಡ್ ಗುಮಾಸ್ತರು ಛತ್ರಿ ಹಿಡಿದು ಬಂದರು. ಅವರ ಹಿಂದೆ ಇಡೀ ಕಚೇರಿ.

"ಏಳಿ ಅಕ್ಕಾ, ಗಿರಣಿ ತಪಾಸಣೆಗೆ ಹೊತ್ತಾಯ್ತು. ಮುದ್ರೆ ತಗೊಳ್ಳಿ."

"ನಾನೂ ಬರಬೇಕಾ ಸರ್?"

"ನೀವಿಲ್ಲದೆ ಒಂಬತ್ತು ದಿನ ಮಾಡಿದ ತಪಾಸಣೆ ಒಂದೂ ಊರ್ಜಿತವಲ್ಲ ಅಂತ ಷರಾ ಬಂದಿದೆ. ಮುದ್ರೆ ಹಿಡಿದವರು ಮುಂದೆ ನಡೀಬೇಕು, ಮೊದಲು ಒಳಗೆ ಹೋಗಬೇಕು, ಅವರು ಹೊರಗೆ ಬರೋವರೆಗೆ ಮಿಕ್ಕವರು ಕಾಯಬೇಕು. ನಿಯಮ."

ಅವಳು ಮುಂದೆ ನಡೆದಳು, ಸ್ವಲ್ಪ ಬಿರುಸಾಗಿಯೇ. ಇಪ್ಪತ್ತೆರಡು ಜನ ಹಿಂದೆ. ರಸ್ತೆಯಲ್ಲಿ ಸೈಕಲ್ಲುಗಳು ನಿಂತು ದಾರಿ ಬಿಟ್ಟವು. ಗಿರಣಿಯವನು ಹಿಟ್ಟಿನ ಕೈಯನ್ನು ಒರೆಸಿಕೊಂಡು, "ಬನ್ನಿ ಬನ್ನಿ, ನಲ್ಲಿ ಬಿಟ್ಟಿದೀನಿ," ಎಂದು ಬರಮಾಡಿಕೊಂಡ.

ಈಗ ಆ ತಪಾಸಣೆ ನಲವತ್ತು ನಿಮಿಷಕ್ಕೊಮ್ಮೆ ನಡೆಯುತ್ತದೆ. ಅಂತರವನ್ನು ಡಾಕ್ಟರಮ್ಮನ ಚೀಟಿ ನೋಡಿ ಸಾಹೇಬರೇ ನಿಗದಿ ಮಾಡಿದ್ದಾರೆ. ಕಚೇರಿಯ ಕಿಟಕಿಯಲ್ಲಿ "ಸಿಬ್ಬಂದಿ ತಪಾಸಣೆಯಲ್ಲಿದ್ದಾರೆ" ಎಂಬ ಫಲಕ ತೂಗುತ್ತದೆ, ಹಾಲಿನವರು ಅದರ ಕೆಳಗೆ ಕ್ಯಾನಿನ ಮೇಲೆ ಕೂತು ಕಾಯುತ್ತಾರೆ. ಮುದ್ರೆಯಕ್ಕ ದಿನಕ್ಕೆ ಎಂಟು ಲೋಟ ನೀರು ಕುಡಿಯುತ್ತಾಳೆ. ಜ್ವರ ಬಂದಿಲ್ಲ. ದಿನಕ್ಕೆ ಹನ್ನೊಂದು ಸಲ ಮುದ್ರೆ ಬಿದ್ದ ಆ ಗಿರಣಿಯ ತಕ್ಕಡಿಯಷ್ಟು ಸತ್ಯವಾದ ತಕ್ಕಡಿ ಇನ್ನೊಂದಿಲ್ಲವೆಂದು ಇಲಾಖೆ ಪ್ರಶಸ್ತಿಪತ್ರ ಕೊಟ್ಟಿದೆ. ಗಿರಣಿಯವನು ದೈವಭಕ್ತ; ಯಾರನ್ನೂ ದೂರಿದವನಲ್ಲ. ಪ್ರಶಸ್ತಿಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ, ತನಗೆ ಒಂದಕ್ಕೆ ಹೋಗಬೇಕಾದಾಗ ಅದರ ಕೆಳಗೆ ಹೋಗಿ, ಸರದಿಯಲ್ಲಿ ಇಪ್ಪತ್ನಾಲ್ಕನೆಯವನಾಗಿ ನಿಲ್ಲುತ್ತಾನೆ.