ಲಂಕೆ ತೋರಿಸಲು ಹೊರಟ ಅತ್ತೆ ಸೊಸೆ

ಸಮುದ್ರವನ್ನೇ ಕಾಣದ ಊರುಗಳಲ್ಲಿ ನಿಂತು ದ್ವೀಪದ ಕಥೆ ಹೇಳುವವರಿಗೆ ನಗೆಯ ಬರ ಎಂದೂ ಬರುವುದಿಲ್ಲ. ನಾವು ನಗಿಸಬೇಕೆಂದು ಹೋಗಿರುವುದಿಲ್ಲ, ಅಷ್ಟೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಇಂಡಿ ಎಂಬ ಊರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ, ಊರವರಿಗೆಲ್ಲ 'ಅಕ್ಕೋರು'. ಸಿಲೋನ್ ಎಂಬ ಹೆಸರು ಹೋಗಿ ಶ್ರೀಲಂಕಾ ಆಗಿ ಇನ್ನೂ ಬಹಳ ವರ್ಷವಾಗಿರಲಿಲ್ಲ. ಒಂದು ಬೇಸಿಗೆ ರಜೆಯಲ್ಲಿ ಶಿಕ್ಷಕರ ತಂಡವೊಂದು ರಾಮೇಶ್ವರದಿಂದ ಹಡಗು ಹತ್ತಿ ಅಲ್ಲಿಗೆ ಹೊರಟಿತು. ನನಗೂ ಕರೆ ಬಂತು. ನಮ್ಮ ಯಜಮಾನರು, "ಸಮುದ್ರ ದಾಟಿ ಹೋಗೂದು ಅಂದ್ರ..." ಎಂದು ತಲೆ ಕೆರೆದುಕೊಳ್ಳುತ್ತ ಕೂತಿದ್ದರು. ಅಡಿಗೆಮನೆಯಿಂದ ಅತ್ತೆಯವರ ದನಿ ಬಂತು.

"ಹೋಗಿ ಬರಲಿ ಬಿಡೋ. ಮನ್ಯಾಗ ಒಬ್ಬರರ ಸಮುದ್ರ ನೋಡಿರಬೇಕು."

ಹೋಗಿ ಬಂದೆ. ತಂಡದಲ್ಲಿ ಕ್ಯಾಮೆರಾ ಇದ್ದವರೊಬ್ಬರು ತಾವು ತೆಗೆದ ಬಣ್ಣದ ಸ್ಲೈಡುಗಳ ಒಂದು ಪ್ರತಿ ನನಗೂ ಕೊಟ್ಟರು. ಶಾಲೆಯಲ್ಲಿ ಪ್ರೊಜೆಕ್ಟರ್ ಇತ್ತು. ಒಂದು ಸಲ ತೋರಿಸಿದ್ದೇ ತಡ, ಸುತ್ತಲಿನ ತಾಲೂಕುಗಳ ಶಾಲೆಗಳಿಂದ "ನಮ್ಮಲ್ಲೂ ಬರ್ರಿ" ಎಂದು ಕರೆಯತೊಡಗಿದರು. ಯಜಮಾನರಿಗೆ ಕಚೇರಿ ಬಿಟ್ಟು ಬರಲಾಗದು. ಅತ್ತೆಯವರೇ ಚೀಲ ತುಂಬಿಕೊಂಡು ನಿಂತರು. "ಒಬ್ಬಾಕಿ ಎಲ್ಲಿ ತಿರಗತಿ? ನಾ ಜೋಡಿ ಬರ್ತೇನಿ."

ಮಾವ ತೀರಿಹೋದ ಮೇಲೆ ಅವರು ಹೊಸ್ತಿಲು ದಾಟಿದ್ದೇ ಕಡಿಮೆ. ಮದುವೆ ಮುಂಜಿಗೆ ಕರೆದರೂ "ನಾ ಎಲ್ಲಿ ಬರಲಿ" ಎಂದು ಒಳಗೇ ಉಳಿಯುತ್ತಿದ್ದರು. ಅಂಥವರು ತಾವಾಗಿ ಬಸ್ಸು ಹತ್ತುತ್ತೇನೆ ಅಂದರಲ್ಲ, ನನಗೆ ಅಷ್ಟೇ ಸಾಕಾಗಿತ್ತು. ಎಲ್ಲಿಗೆ ಹೋದರೂ ತಲೆಯ ಮೇಲೆ ಸೆರಗು ಹೊದ್ದು, ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ ಕೂಡುತ್ತಿದ್ದರು.

ಬಳಸಲು ಬಾರದ ನೀರು

ಮೊದಲ ಪ್ರದರ್ಶನ ನಮ್ಮ ಇಂಡಿಯಲ್ಲೇ. ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದೆವು. ಮಕ್ಕಳಿಗಿಂತ ಅವರ ತಂದೆತಾಯಿಗಳೇ ಹೆಚ್ಚು ಬಂದಿದ್ದರು. ನಾನು ಪಾಠದ ದನಿಯಲ್ಲೇ ಶುರು ಮಾಡಿದೆ. "ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಮಿಗೆ ದ್ವೀಪ ಎನ್ನುತ್ತಾರೆ."

ಮುಂದೆ ಕೂತ ರೈತರೊಬ್ಬರು ನೆಟ್ಟಗಾದರು. "ನಾಕೂ ಕಡೆ ನೀರ ಏನ್ರಿ?"

"ಹೌದ್ರಿ. ಕಣ್ಣು ಮುಟ್ಟೂತನಕ ನೀರ."

"ಕುಡಿಯಾಕ ಬರ್ತೈತಿ?"

"ಇಲ್ರಿ. ಉಪ್ಪು."

"ಹೊಲಕ್ಕ ಹಾಯಿಸಾಕ?"

"ಅದಕ್ಕೂ ಬರಂಗಿಲ್ರಿ."

"ದನಾನೂ ಕುಡಿಯಂಗಿಲ್ಲ?"

"ಇಲ್ರಿ."

ಅವರು ಬಹಳ ಮರುಕದಿಂದ ನನ್ನನ್ನು ನೋಡಿದರು. "ಅಲ್ರಿ ಅಕ್ಕೋರ, ನಮ್ಮ ಓಣಿ ಬಾವಿ ನೀರೂ ಸವಳ ಐತಿ. ಒಂದು ಮಾತ ಕೇಳಿದ್ರ ನಾವ ತೋರಸ್ತಿದ್ವಿ. ಅಷ್ಟು ದೂರ ಯಾಕ ಹೋದ್ರಿ?"

ಮಲಗಿದ ದೇವರು

ಸಿಂದಗಿ ತಾಲೂಕಿನ ದೇವಣಗಾಂವದಲ್ಲಿ ಎಲ್ಲರಿಗೂ ರಾವಣನ ಅರಮನೆಯೇ ಬೇಕಾಗಿತ್ತು. ತೆಂಗಿನ ತೋಟ ತೋರಿಸಿದೆ, "ಅಶೋಕವನ ಇದ ಏನ್ರಿ?" ಎಂದರು. ಬೆಟ್ಟ ತೋರಿಸಿದೆ, ಹನುಮಪ್ಪ ಯಾವ ಕಡೆಯಿಂದ ಹಾರಿ ಬಂದ ಎಂದು ಕೇಳಿದರು. ಕಾಡು, ನವಿಲು, ಮಳೆಯಲ್ಲಿ ತೊಯ್ದ ಭತ್ತದ ಗದ್ದೆ ಇವೆಲ್ಲ ಯಾರ ಕಣ್ಣಿಗೂ ಬೀಳಲಿಲ್ಲ.

ಆಮೇಲೆ ಅಲ್ಲಿಯ ಹಳೆಯ ರಾಜಧಾನಿ ಪೊಳೊನ್ನರುವದ ಸ್ಲೈಡು ಬಂತು. ಒಂದೇ ಬಂಡೆಯಲ್ಲಿ ಕಡೆದ, ಕೈಯನ್ನು ದಿಂಬಿಗಾನಿಸಿ ಮಲಗಿದ ಭಾರಿ ಮೂರ್ತಿ. ಇಡೀ ಕೋಣೆ ಒಂದೇ ಬಾಯಿಂದ ಕೂಗಿತು.

"ಕುಂಭಕರ್ಣ!"

ಚಪ್ಪಾಳೆ, ಸಿಳ್ಳೆ. ಸದ್ದಡಗುವತನಕ ಕಾದೆ. ಆಮೇಲೆ ಮೆಲ್ಲಗೆ ಹೇಳಿದೆ, ಇವನು ಕುಂಭಕರ್ಣನಲ್ಲ, ಬುದ್ಧ. ರಾಜ್ಯ ಬಿಟ್ಟು, ಊರೂರು ನಡೆದು, ಯಾರನ್ನೂ ನೋಯಿಸಬೇಡಿ ಎಂದು ಎಂಬತ್ತರ ವಯಸ್ಸಿನ ತನಕ ಹೇಳುತ್ತ ಹೋದವನು. ಕೊನೆಗೆ ಆಯಾಸವಾಗಿ ಹೀಗೆ ಬಲ ಮಗ್ಗುಲಲ್ಲಿ ಮಲಗಿ ಪ್ರಾಣ ಬಿಟ್ಟ. ಆ ದೇಶದ ಮಂದಿ ಅವನನ್ನೇ ನಂಬಿದ್ದಾರೆ, ಬರಿಗಾಲಲ್ಲಿ ಬಂದು ಹೂವಿಟ್ಟು ಹೋಗುತ್ತಾರೆ.

ಸಿಳ್ಳೆ ಹೊಡೆದವರು ತಲೆ ತಗ್ಗಿಸಿದರು. ಆ ಕಲ್ಲಿನ ಮುಖದ ಶಾಂತಿ ಅಷ್ಟು ದೂರ ಬಂದು ಅವರನ್ನು ಮುಟ್ಟಿತ್ತು. ಮುಂದಿನ ಸ್ಲೈಡಿಗೆಂದು ಕೈ ಹಾಕಿದೆ. ಯಂತ್ರ ಖಟ್ ಎಂದಿತು. ಕಂಬಳಿ ಹೊದ್ದ ಮುದುಕರೊಬ್ಬರು ಕೈ ಎತ್ತಿ ತಡೆದರು.

"ಸಪ್ಪಳ ಮಾಡಬ್ಯಾಡ್ರಿ ಅಕ್ಕೋರ. ಈಗರ ಕಣ್ಣ ಮುಚ್ಯಾರ."

ಆನೆಯ ಜಳಕ

ಮರುದಿನ ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಅತ್ತೆಯವರ ಮುಖ ಗಂಟಿಕ್ಕಿತ್ತು.

"ಏನಾತು ಅತ್ತಿ?"

"ನಿನ್ನಿ ಆನಿ ಬಿಟ್ಟಿ."

ನದಿಯಲ್ಲಿ ಆನೆಗಳು ಮರಿಗಳ ಜೊತೆ ಜಳಕ ಮಾಡುವ ಸ್ಲೈಡೊಂದಿತ್ತು. ಅದು ಅವರಿಗೆ ಅಚ್ಚುಮೆಚ್ಚು. "ಹೊತ್ತಾಗಿತ್ತು ಅತ್ತಿ" ಎಂದೆ.

"ಹೊತ್ತಾದ್ರ ಚಹಾದ ತ್ವಾಟ ಬಿಡಬೇಕು. ಚಹಾ ಇಲ್ಲೆ ಸ್ಟ್ಯಾಂಡಿನ್ಯಾಗೂ ಸಿಗತೈತಿ. ತಾಯಿ ಆನಿ ಮರಿಗೆ ಎರಿಯೂದು ಎಲ್ಲಿ ಸಿಗತೈತಿ?"

ಅಂದಿನಿಂದ ಬಸ್ಸಿನಲ್ಲಿ ಅವರ ಪ್ರಶ್ನೆಗಳು ಶುರುವಾದವು. ಹಡಗಿನಲ್ಲಿ ಕೂತರೆ ಏನಾಗುತ್ತದೆ, ಅಲ್ಲಿಯ ಹೆಂಗಸರು ಸೀರೆ ಹೇಗೆ ಉಡುತ್ತಾರೆ, ಸಮುದ್ರದ ಸಪ್ಪಳ ರಾತ್ರಿ ನಿಲ್ಲುತ್ತದೋ ಇಲ್ಲವೋ. ಭಾಷಣದಲ್ಲಿ ನಾನು ಹೇಳದ್ದನ್ನೆಲ್ಲ ಕೇಳುವರು. ನಾನು ನಿದ್ದೆ ಹೋದರೆ ಭುಜ ಅಲುಗಿಸುವರು. "ಮಲಗಾಕ ಮನಿ ಐತಿ. ಹೇಳು."

ದೊಡ್ಡ ಪಾದ

ಚಡಚಣದಲ್ಲಿ ಮಾತ್ರ ನಾನು ನಿಜವಾಗಿ ಪೇಚಿಗೆ ಸಿಕ್ಕಿದೆ. ಶ್ರೀಪಾದ ಎಂಬ ಬೆಟ್ಟದ ಚಿತ್ರ ತೋರಿಸಿ, ಇದರ ತುದಿಯಲ್ಲಿ ಬಂಡೆಯ ಮೇಲೊಂದು ಪಾದದ ಗುರುತಿದೆ ಎಂದೆ.

"ಶಿವನ ಪಾದ ಅದು" ಎಂದರು ದ್ರಾಕ್ಷಿ ಬೆಳೆಯುವ ಗೌಡರೊಬ್ಬರು, ಕೈ ಮುಗಿದು.

ಅವರ ಪಕ್ಕದಲ್ಲೇ ಊರಿನ ಬಟ್ಟೆ ಅಂಗಡಿಯ ಸಾಹೇಬರು ಕೂತಿದ್ದರು. ಬಿಳಿ ಗಡ್ಡ. ಅವರ ಕಣ್ಣಲ್ಲಿ ನೀರು ಬಂದಿತ್ತು. "ಸರಂದೀಪ! ನಮ್ಮ ಅಜ್ಜ ಲಂಕಾಕ್ಕ ಹಂಗ ಅಂತಿದ್ದ. ಮೊದಲನೇ ಮನಷ್ಯಾ ಬಾಬಾ ಆದಮ್ ಸ್ವರ್ಗದಿಂದ ಇಳದಿದ್ದು ಅಲ್ಲೇ. ಈ ಕಣ್ಣಿಲೆ ಆ ಗುಡ್ಡಾ ನೋಡ್ತೇನಂತ ಅನಕೊಂಡಿರಲಿಲ್ಲ."

"ಅಲ್ರಿ ಸಾಹೇಬ್ರ, ಅದು ಶಿವಂದು."

"ಹೆಂಗ ಆಗತೈತಿ ಗೌಡ್ರ? ಆದಮರದು."

ಅವರೂ ಇವರೂ ನನ್ನ ಕಡೆ ತಿರುಗಿದರು. ಇಡೀ ಸಭೆಯೂ ತಿರುಗಿತು. ಬೌದ್ಧರು ಅದು ಬುದ್ಧನ ಪಾದ ಎನ್ನುತ್ತಾರೆಂದು ಹೇಳುವ ಧೈರ್ಯ ನನಗೆ ಉಳಿದಿರಲಿಲ್ಲ. ಹಿಂದಿನಿಂದ ಅತ್ತೆಯವರು, "ಎಷ್ಟು ದೊಡ್ಡದು ಐತಿ ಅದನ್ನರ ಹೇಳು" ಎಂದರು.

"ಹೆಚ್ಚು ಕಡಿಮಿ ಆಳುದ್ದ ಐತ್ರಿ."

ಗೌಡರು ತಮ್ಮ ಚಪ್ಪಲಿಯನ್ನೊಮ್ಮೆ ನೋಡಿಕೊಂಡರು. ಸಾಹೇಬರು ತಮ್ಮ ಚಪ್ಪಲಿ ನೋಡಿಕೊಂಡರು. ಆಮೇಲೆ ಸಾಹೇಬರೇ ಗೌಡರ ಹೆಗಲ ಮೇಲೆ ಕೈ ಇಟ್ಟರು.

"ಯಾರದರ ಇರಲಿ ಗೌಡ್ರ, ಅಷ್ಟು ದೊಡ್ಡ ಪಾದ ಇದ್ದವರ ವಿಷಯದಾಗ ನಾವು ಬಾಯಿ ಹಾಕೂದು ಬ್ಯಾಡ."

ಬಿಸಿಲಿಗೆ ಗಿರಾಕಿ

ಮುದ್ದೇಬಿಹಾಳದಲ್ಲಿ ಪ್ರವಾಸೋದ್ಯಮದ ಬಗ್ಗೆ ಹೇಳಬೇಕಿತ್ತು. ಮರಳಿನ ಮೇಲೆ ಮಲಗಿದ್ದ ಬಿಳಿಯರ ಚಿತ್ರ ಹಾಕಿದೆ. "ಇವರೆಲ್ಲ ಥಂಡಿ ದೇಶದವರು. ಬಿಸಿಲಿಗೆ ಮೈ ಕಾಯಿಸಿಕೊಳ್ಳಲೆಂದೇ ಸಾವಿರಾರು ಮೈಲು ದಾಟಿ ಇಲ್ಲಿಗೆ ಬರುತ್ತಾರೆ."

ಸಭೆ ನಂಬಲಿಲ್ಲ. "ಬಿಸಲಿಗೆ? ಬರೇ ಬಿಸಲಿಗೆ?"

"ಹೌದ್ರಿ, ಮಧ್ಯಾಹ್ನದ ತನಕ ಹಿಂಗ ಮಲಗಿರತಾರ."

ಮುಗಿದ ಮೇಲೆ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ. "ಅಕ್ಕೋರ, ನಿಮಗ ಆ ಮಂದಿ ಗುರ್ತ ಇದ್ರ ಒಂದು ಮಾತ ತಿಳಸ್ರಿ. ಯುಗಾದಿ ಮುಗದ ಮ್ಯಾಲ ನಮ್ಮ ಕಡೆ ಬರ್ರಿ ಅಂತ. ಬಯಲು ಬೇಕಾದಷ್ಟು ಐತಿ. ಅಲ್ಲೆ ಮಧ್ಯಾಹ್ನದ ತನಕ ಮಲಗತಾರಲ್ಲ, ಇಲ್ಲೆ ತಾಸಿನ್ಯಾಗ ಕೆಲಸ ಮುಗೀತೈತಿ."

ಹೂವಿನ ಹಿಪ್ಪರಗಿಯಲ್ಲಿ

ಕೊನೆಯದು ಬಸವನ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿ. ಬಸ್ಸಿನ ಕಿಟಕಿಗೆ ಗಾಜಿರಲಿಲ್ಲ. ಇಳಿಯುವಷ್ಟರಲ್ಲಿ ಧೂಳು ಕುಡಿದು ನನ್ನ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಬಾಯಿ ತೆರೆದರೆ ಗಾಳಿ ಮಾತ್ರ. ಕತ್ತಲಾಗುವ ಹೊತ್ತಿಗೆ ಶಾಲೆಯ ಅಂಗಳ ತುಂಬಿತ್ತು. ಹಳ್ಳಿ ಹಳ್ಳಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಹೆಡ್‌ಮಾಸ್ತರರು ಕೈ ಕೈ ಹಿಸುಕಿಕೊಂಡರು. "ಹೆಂಗ ಮಾಡೂದ್ರಿ? ಇಷ್ಟು ಮಂದಿನ ವಾಪಸ್ ಕಳಸೂದ?"

ನನಗೆ ಅಳು ಬರುವಂತಾಗಿತ್ತು. ಆಗ ಹಿಂದೆ ಗೋಡೆಯ ಹತ್ತಿರ ಯಾರೋ ಎದ್ದರು. ಅತ್ತೆಯವರು! ಸೆರಗು ಬಿಗಿಯಾಗಿ ಹೊದ್ದು, ಮಂದಿಯ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದರು. ನನಗಷ್ಟೇ ಕೇಳುವಂತೆ, "ನೀ ಚಿತ್ರಾ ಹಾಕು. ತಪ್ಪಿದ್ರ ಕೆಮ್ಮು" ಎಂದರು.

ಮೊದಲ ಚಿತ್ರ ಹಡಗು. ಅತ್ತೆಯವರು ಪರದೆಯತ್ತ ಕೈ ಮಾಡಿದರು.

"ಇದು ಹಡಗ. ನೀರಿನ ಮ್ಯಾಲ ಹೋಗೂ ಬಸ್ಸು ಅಂತ ತಿಳೀರಿ. ಆದ್ರ ನಡುವ ಸ್ಟಾಪ್ ಇಲ್ಲ. ಜಗಳಾಡಿ ಇಳೀತೇನಿ ಅನ್ನಾಕ ಬರಂಗಿಲ್ಲ."

ಅಂಗಳ ನಕ್ಕಿತು. ಅವರಿಗೆ ಬಲ ಬಂತು.

"ಇದು ಸಮುದ್ರ. ಹಿಂಗಾರಿ ಜ್ವಾಳ ಎದಿಮಟ ಬೆಳದಾಗ ಗಾಳಿ ಬಿಟ್ರ ಹೊಲ ಹೆಂಗ ತೂಗತೈತಿ? ಹಂಗ. ಆದ್ರ ಅದಕ್ಕ ಬದು ಇಲ್ಲ."

ಕಾಲೇಜು, ಟ್ರೇನಿಂಗು ಎಲ್ಲ ಮುಗಿಸಿ ಬಂದ ನನಗೆ ಆ ಮಾತು ಎಂದೂ ಹೊಳೆದಿರಲಿಲ್ಲ. ಹಿಂದಿನ ಸಾಲಿನ ಹೆಂಗಸರು ಮುಂದೆ ಸರಿದು ಕೂತರು. ಆನೆ ಬಂದಾಗ ಅತ್ತೆಯವರು ಅಲ್ಲಿಂದ ಕದಲಲೇ ಇಲ್ಲ. ನಾನು ಕೆಮ್ಮಿದೆ. "ಕೆಮ್ಮಬ್ಯಾಡ, ಆನಿ ಇನ್ನೂ ಮುಗದಿಲ್ಲ" ಎಂದರು.

"ಆಯೀ, ಅಲ್ಲಿ ಮಂದಿ ಏನ ಉಣ್ಣತಾರ?" ಎಂದು ಒಬ್ಬಾಕೆ ಕೇಳಿದಳು.

"ಅನ್ನ, ಮೀನ, ಎಲ್ಲಾದಕ್ಕೂ ತೆಂಗಿನಕಾಯಿ. ಮನಸಿನ್ಯಾಗ ಬಾಳ ಚಲೋ ಮಂದಿ. ಆದ್ರ ಪಾಪ, ರೊಟ್ಟಿ ಇಲ್ಲ. ಅಲ್ಲಿಂದ ಬಂದ ದಿನಾ ಒಬ್ಬಾಕಿ ನಮ್ಮ ಅಡಗಿಮನ್ಯಾಗ ಒಲಿ ಮುಂದ ಕುಂತು, ಬಿಸಿರೊಟ್ಟಿ ತಿನಕೋತ ಅತ್ತಾಳ. ಯಾರು ಅಂತ ನಾ ಹೇಳಂಗಿಲ್ಲ."

ಹೇಳಲಿಲ್ಲ, ಆದರೆ ನೇರ ನನ್ನನ್ನೇ ನೋಡಿದರು. ಇಡೀ ಅಂಗಳವೂ ನನ್ನನ್ನು ನೋಡಿತು.

ಮುಗಿದ ಮೇಲೆ ಹೆಡ್‌ಮಾಸ್ತರರು ನನಗೆಂದು ತರಿಸಿದ್ದ ಸೇವಂತಿಗೆ ಹಾರವನ್ನು ಅತ್ತೆಯವರ ಕಡೆ ಹಿಡಿದರು. ಅವರು ಹಿಂದೆ ಸರಿದರು. "ನನಗ ಹಾರ ಬ್ಯಾಡ್ರಿ. ನಮ್ಮವರು ಹೋದ ಮ್ಯಾಲ ಹೂವ ಮುಟ್ಟಿಲ್ಲ." ನನಗೆ ದನಿಯಿರಲಿಲ್ಲ, ಕೈಯಿತ್ತು. ಹಾರ ಇಸಿದುಕೊಂಡು ನಾನೇ ಅವರ ಕೊರಳಿಗೆ ಹಾಕಿದೆ. ಅವರು ತೆಗೆಯಲು ಕೈ ಎತ್ತಿದರು, ಅಂಗಳದ ಹೆಂಗಸರೆಲ್ಲ ಚಪ್ಪಾಳೆ ಹೊಡೆಯತೊಡಗಿದರು, ಎತ್ತಿದ ಕೈ ಹಾಗೇ ಹೂವಿನ ಮೇಲೆ ನಿಂತಿತು.

ಅಷ್ಟರಲ್ಲಿ ತಡವಾಗಿ ಬಂದಿದ್ದ ಪಂಚಾಯ್ತಿಯ ಹಿರಿಯರೊಬ್ಬರು ಮುಂದೆ ಬಂದು ಅವರಿಗೆ ಕೈ ಮುಗಿದರು. "ಬಾಳ ಚಲೋ ಹೇಳಿದ್ರಿ ಅಕ್ಕೋರ. ನಾವೂ ಲಂಕಾಕ್ಕ ಹೋಗಿ ಬಂದಂಗ ಆತು." ಆಮೇಲೆ ಪ್ರೊಜೆಕ್ಟರಿನ ಪಕ್ಕ ಬಾಯಿ ಮುಚ್ಚಿಕೊಂಡು ನಿಂತಿದ್ದ ನನ್ನತ್ತ ತಿರುಗಿದರು. "ಇವರು ಯಾರ್ರಿ?"

ಅತ್ತೆಯವರು ಹಾರ ಸರಿಪಡಿಸಿಕೊಂಡು, ನನ್ನ ತಲೆಯ ಮೇಲೆ ಕೈ ಇಟ್ಟರು.

"ನನ್ನ ಸೊಸಿರಿ. ಮಾತು ಕಡಿಮಿ. ಆದ್ರ ಚಿತ್ರಾ ಚಲೋ ಹಾಕತಾಳ."